ನಿತ್ಯಹಿಮಭೂಮಿಯೂ ಸರೋವರಗಳ ಸಾಕ್ಷ್ಯವೂ

ಪದಾರ್ಥದ ಸ್ವಭಾವವನ್ನು ಪೂರ್ಣವಾಗಿ ಅರಿತ ಮೇಲೆಯೇ ಅದಕ್ಕೆ ಹೆಸರಿಡಬೇಕೆಂಬ ನಿಯಮವು ಲೋಕದಲ್ಲಿಲ್ಲ. ಮೊದಲು ಕಣ್ಣಿಗೆ ಬಿದ್ದ ಒಂದು ಗುಣವನ್ನು ಹಿಡಿದು ಹೆಸರು ಹುಟ್ಟುವುದು. ಅನಂತರ ಆ ಹೆಸರೇ ಜನರ ಬುದ್ಧಿಯನ್ನು ನಡೆಸತೊಡಗುವುದು. ಉತ್ತರದ ಶೀತದೇಶಗಳಲ್ಲಿ ಹೆಪ್ಪುಗಟ್ಟಿರುವ ನೆಲದ ಶೋಧನೆಯ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಆ ನೆಲವನ್ನು ರಷ್ಯನರು ತಮ್ಮ ಭಾಷೆಯಲ್ಲಿ ‘ವೇಚ್ನಯಾ ಮೆರ್ಜ್ಲೊತಾ’ ಎಂದು ಕರೆದರು. ನಿತ್ಯವಾದ ಹೆಪ್ಪು ಎಂದು ಅದರ ಅರ್ಥ. ಈ ನಿತ್ಯತ್ವವು ಎಂಥದು ಎಂಬ ಪ್ರಶ್ನೆಗೆ ಉತ್ತರ ದೊರೆತುದು ಮುಖ್ಯವಾಗಿ ಆ ನೆಲದ ಮೇಲೆ ನಿಂತಿರುವ ಸರೋವರಗಳಿಂದ.

ಇಂಥ ನೆಲವುಂಟೆಂಬುದನ್ನೇ ಯೂರೋಪಿನ ವಿದ್ವಾಂಸರು ಬಹುಕಾಲ ಒಪ್ಪಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಸೈಬೀರಿಯವನ್ನು ಸಂಚರಿಸಿದ ಗ್ಮೆಲಿನನು ನೆಲದೊಳಗಿನ ಹೆಪ್ಪನ್ನು ವರ್ಣಿಸಿದ್ದರೂ, ಭೂಶಾಸ್ತ್ರಜ್ಞನಾದ ಲಿಯೊಪೋಲ್ಡ್ ಫಾನ್ ಬುಖ್ ಎಂಬವನು ಅದನ್ನು ನಂಬತಕ್ಕುದಲ್ಲವೆಂದು ತಳ್ಳಿಹಾಕಿದನು. ಈ ವಿವಾದವನ್ನು ತೀರಿಸಿದುದು ಒಂದು ಬಾವಿ. ಲೇನಾ ನದಿಯ ದಡದ ಯಾಕುತ್ಸ್ಕ್ ಪಟ್ಟಣದಲ್ಲಿ ರಷ್ಯನ್ ಅಮೆರಿಕನ್ ಕಂಪೆನಿಯ ಅಧಿಕಾರಿಯಾಗಿದ್ದ ಫ್ಯೋದೊರ್ ಶೆರ್ಗಿನ್ ಎಂಬವನು 1820ರ ದಶಕದ ಕೊನೆಯಲ್ಲಿ ಕುಡಿಯುವ ನೀರಿಗಾಗಿ ಬಾವಿಯನ್ನು ತೋಡಿಸಲು ಆರಂಭಿಸಿದನು. ಎಷ್ಟು ಆಳಕ್ಕಿಳಿದರೂ ಹೆಪ್ಪುಗಟ್ಟಿದ ಮಣ್ಣೇ ಹೊರತು ನೀರು ಕಾಣಲಿಲ್ಲ. 1829ರಲ್ಲಿ ಅಲ್ಲಿಗೆ ಬಂದ ಏರ್ಮನ್ ಎಂಬ ಜರ್ಮನ್ ವಿದ್ವಾಂಸನು ಬಾವಿಯೊಳಗಿನ ಉಷ್ಣಮಾನವನ್ನು ಅಳೆದನು. 1837ರಲ್ಲಿ ಕೆಲಸ ನಿಂತಾಗ ಬಾವಿಯು ಸುಮಾರು 116 ಮೀಟರ್ ಆಳವಾಗಿತ್ತು; ಆಗಲೂ ನೀರಿಲ್ಲ. 1844ರಲ್ಲಿ ಪೀಟರ್ಸ್‌ಬರ್ಗಿನ ಅಕಾಡೆಮಿಯ ಪರವಾಗಿ ಮಿಡೆನ್‌ಡೋರ್ಫನು ಬಾವಿಯ ಬೇರೆ ಬೇರೆ ಆಳಗಳಲ್ಲಿ ಉಷ್ಣಮಾನವನ್ನು ಪರೀಕ್ಷಿಸಿದನು. ತಳದಲ್ಲಿ ಅದು ಸೊನ್ನೆಗಿಂತ ಸುಮಾರು 3 ಡಿಗ್ರಿ ಕೆಳಗಿದ್ದಿತು. ಆಳಕ್ಕೆ ಹೋದಂತೆ ಚಳಿಯು ಕಡಮೆಯಾಗುವ ಕ್ರಮವನ್ನು ನೋಡಿ, ಹೆಪ್ಪಿನ ಅಡಿಯು ಸುಮಾರು 200 ಮೀಟರ್ ಆಳದಲ್ಲಿರಬೇಕೆಂದು ಅವನು ಊಹಿಸಿದನು. ಹೀಗೆ ನೀರು ಕೊಡದ ಬಾವಿಯು ಶಾಸ್ತ್ರಕ್ಕೆ ಪ್ರಮಾಣವನ್ನು ಕೊಟ್ಟಿತು.

ಇಷ್ಟು ಆಳದ ಹೆಪ್ಪನ್ನು ಕಂಡವರಿಗೆ ಅದು ಅಚಲವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. 1927ರಲ್ಲಿ ಮಿಖಾಯಿಲ್ ಸುಮ್ಗಿನನು ಈ ವಿಷಯದಲ್ಲಿ ಬರೆದ ಪ್ರಸಿದ್ಧ ಗ್ರಂಥದ ಹೆಸರಿನಲ್ಲಿಯೇ ನಿತ್ಯಶಬ್ದವಿದೆ. ಆದರೆ ಅವನು ಹೇಳಿದ ಲಕ್ಷಣವನ್ನು ನೋಡಿದರೆ, ಎರಡು ವರ್ಷ ಎಡೆಬಿಡದೆ ಹೆಪ್ಪುಗಟ್ಟಿದ್ದರೆ ಸಾಕು, ಆ ನೆಲವು ಈ ವರ್ಗಕ್ಕೆ ಸೇರುವುದು. ಮಣ್ಣಾಗಲಿ ಬಂಡೆಯಾಗಲಿ ಸತತವಾಗಿ ಎರಡು ವರ್ಷವಾದರೂ ಸೊನ್ನೆ ಡಿಗ್ರಿಯಲ್ಲಿಯೋ ಅದಕ್ಕಿಂತ ಕೆಳಗೋ ಇರಬೇಕೆಂಬುದೇ ಇಂದಿಗೂ ಸರ್ವಸಮ್ಮತವಾದ ಲಕ್ಷಣ. ಹೆಸರಿನಲ್ಲಿ ಅನಂತಕಾಲ, ಲಕ್ಷಣದಲ್ಲಿ ಎರಡು ವರ್ಷ! 1943ರಲ್ಲಿ ಅಮೆರಿಕದ ಸೀಮನ್ ಮುಲ್ಲರನು ‘ಪರ್ಮಾಫ್ರಾಸ್ಟ್’ ಎಂಬ ಶಬ್ದವನ್ನು ಕಟ್ಟಿದಾಗಲೂ ಶಾಶ್ವತತೆಯ ಅರ್ಥವು ಅದರೊಳಗೆ ಉಳಿದುಕೊಂಡಿತು. 1946ರಲ್ಲಿ ಕರ್ಕ್ ಬ್ರಯನ್ ಎಂಬವನು ಆ ಶಬ್ದದ ರಚನೆಯನ್ನು ಆಕ್ಷೇಪಿಸಿ ‘ಪರ್ಜೆಲಿಸಾಲ್’ ಎಂಬ ಬೇರೊಂದನ್ನು ಸೂಚಿಸಿದನಾದರೂ ರೂಢಿಯು ಅವನ ಮಾತನ್ನು ಕೇಳಲಿಲ್ಲ. ರಷ್ಯದ ವಿದ್ವಾಂಸರಲ್ಲಿ ಮಾತ್ರ ಮುಂದೆ ‘ಬಹುವಾರ್ಷಿಕವಾದ ಹೆಪ್ಪು’ ಎಂಬರ್ಥದ ಹೆಸರು ಶಾಸ್ತ್ರಗ್ರಂಥಗಳಲ್ಲಿ ನೆಲೆಗೊಂಡಿತು.

ವಿದ್ವಾಂಸರು ಹೆಸರಿಗಾಗಿ ವಾದಿಸುತ್ತಿರಲು, ಆ ದೇಶದ ಜನರ ಮಾತಿನಲ್ಲಿ ನೆಲದ ಅಸ್ಥಿರತೆಯು ಮೊದಲೇ ದಾಖಲಾಗಿದ್ದಿತು. ಯಾಕುತ್ಸ್ಕ್ ಪ್ರಾಂತದ ಸಾಖಾ ಜನರು ಕಾಡಿನ ನಡುವೆ ತಗ್ಗಾಗಿ, ಹುಲ್ಲು ಬೆಳೆದು, ಮಧ್ಯದಲ್ಲಿ ಕೊಳವಿರುವ ಬಯಲನ್ನು ‘ಅಲಾಸ್’ ಎನ್ನುವರು. ಅವರ ದನಕುದುರೆಗಳಿಗೆ ಹುಲ್ಲು ದೊರೆಯುವುದು ಅಲ್ಲಿಯೇ. ಈ ತಗ್ಗುಗಳಲ್ಲಿ ಬಹುಪಾಲು ಸುಮಾರು 10,000 ವರ್ಷಗಳ ಹಿಂದೆ, ಹವೆಯು ಬೆಚ್ಚಗಾದ ಕಾಲದಲ್ಲಿ, ನೆಲದೊಳಗಿನ ಹಿಮವು ಕರಗಿ ಮೇಲಿನ ಮಣ್ಣು ಕುಸಿದು ಆದವು. ಸುಣ್ಣಕಲ್ಲಿನ ದೇಶದಲ್ಲಿ ಕಲ್ಲು ಕರಗಿ ನೆಲ ಕುಸಿಯುವುದಕ್ಕೆ ಕಾರ್ಸ್ಟ್ ಎಂಬ ಹೆಸರಿರುವುದನ್ನು ಅನುಸರಿಸಿ, 1932ರಲ್ಲಿ ಎರ್ಮೊಲಾಯೆವನು ಹಿಮ ಕರಗಿ ಆಗುವ ಕುಸಿತಕ್ಕೆ ‘ಥರ್ಮೊಕಾರ್ಸ್ಟ್’ ಎಂದು ಹೆಸರಿಟ್ಟನು. ಹೀಗೆ, ನಿತ್ಯವೆಂದು ಹೇಳಲ್ಪಟ್ಟ ನೆಲದ ಅನಿತ್ಯತೆಯಿಂದಲೇ ಒಂದು ಜನಾಂಗದ ಗೋಮಾಳಗಳು ಹುಟ್ಟಿದ್ದವು.

ಇಲ್ಲಿ ಒಂದು ಶಂಕೆ ಏಳುವುದು. ಚಳಿಗಾಲದಲ್ಲಿ ಸರೋವರವು ತಾನೇ ಹೆಪ್ಪುಗಟ್ಟುವುದಲ್ಲವೆ? ಶೀತಲವಾದ ನೀರು ನೆಲವನ್ನು ಹೇಗೆ ಕರಗಿಸೀತು? ಉತ್ತರವು ನೀರಿನ ಸ್ವಭಾವದಲ್ಲಿದೆ. ಹಿಮವು ನೀರಿಗಿಂತ ಹಗುರವಾದುದರಿಂದ ಮೇಲೆ ತೇಲಿ ಹೊದಿಕೆಯಂತಾಗುವುದು. ಆರ್ಕ್ಟಿಕ್ ಪ್ರದೇಶದ ದೀರ್ಘವಾದ ಚಳಿಗಾಲದಲ್ಲಿಯೂ ಆ ಹೊದಿಕೆಯು ಸುಮಾರು 2 ಮೀಟರ್ ದಪ್ಪಕ್ಕೆ ಬೆಳೆಯುವುದು. ಸರೋವರವು ಅದಕ್ಕಿಂತ ಆಳವಾಗಿದ್ದರೆ ತಳದಲ್ಲಿ ನೀರು ನೀರಾಗಿಯೇ ಉಳಿಯುವುದು. ಹೊರಗಿನ ಗಾಳಿ ಎಷ್ಟೇ ತಣ್ಣಗಿರಲಿ, ಆ ತಳದ ವಾರ್ಷಿಕ ಸರಾಸರಿ ಉಷ್ಣಮಾನವು ಸೊನ್ನೆಗಿಂತ ಮೇಲಿರುವುದು. ವರ್ಷದಿಂದ ವರ್ಷಕ್ಕೆ ಆ ಉಷ್ಣವು ಕೆಳಗಿಳಿದು ಹೆಪ್ಪನ್ನು ಕರಗಿಸುವುದು. ಹೀಗೆ ಸರೋವರದ ಕೆಳಗೆ ಬೋಗುಣಿಯಂತೆ ಉಂಟಾಗುವ ಕರಗಿದ ನೆಲಕ್ಕೆ ‘ತಾಲಿಕ್’ ಎಂದು ಹೆಸರು. ಅಲಾಸ್ಕದಲ್ಲಿ ಆಗ ಬಾರೋ ಎಂದು ಕರೆಯಲ್ಪಟ್ಟು 2016ರಿಂದ ಉಟ್ಕಿಯಾಗ್ವಿಕ್ ಎನಿಸಿದ ಊರಿನ ಸಮೀಪದ ಸರೋವರಗಳನ್ನು ಅಳೆದು, ಮ್ಯಾಕ್ಸ್ ಬ್ರೂವರನು 1958ರಲ್ಲಿ ಈ ಸಂಗತಿಯನ್ನು ಪ್ರಕಟಪಡಿಸಿದನು.

ಸರೋವರವಿದ್ದರೆ ಕರಗುವುದೆಂದು ಇದರಿಂದ ಸಿದ್ಧವಾಯಿತು. ಸರೋವರವಿಲ್ಲದಾದರೆ ಏನಾಗುವುದೆಂಬ ವ್ಯತಿರೇಕವನ್ನು ಪ್ರತ್ಯಕ್ಷವಾಗಿ ಪರೀಕ್ಷಿಸಿದವನು ಕೆನಡದ ರಾಸ್ ಮೆಕೇ. ಮೆಕೆಂಜಿ ನದೀಮುಖದ ರಿಚರ್ಡ್ಸ್ ದ್ವೀಪದಲ್ಲಿದ್ದ ಒಂದು ಸರೋವರವನ್ನು 1978ರ ಆಗಸ್ಟ್ ತಿಂಗಳಲ್ಲಿ ಕಾಲುವೆ ತೋಡಿಸಿ ಬರಿದುಮಾಡಿದರು. ಅದರ ಕೆಳಗಿನ ತಾಲಿಕ್ 32 ಮೀಟರ್‌ಗಳಷ್ಟು ಆಳವಾಗಿದ್ದಿತು. ನೀರಿನ ಹೊದಿಕೆ ಹೋದೊಡನೆ ಬರಿದಾದ ತಳವು ಚಳಿಗೆ ಒಡ್ಡಲ್ಪಟ್ಟು, ಹೆಪ್ಪು ಮರಳಿ ಕೆಳಕ್ಕೆ ಬೆಳೆಯತೊಡಗಿತು. ಆ ಸ್ಥಳಕ್ಕೆ ಇನುವಿಯಾಲುಯಿಟ್ ಜನರ ಭಾಷೆಯಲ್ಲಿ ಇಲ್ಲಿಸಾರ್ವಿಕ್ ಎಂದು ಹೆಸರಾಯಿತು; ವಿದ್ಯೆಯನ್ನು ಕಲಿಯುವ ಸ್ಥಳವೆಂದು ಅದರ ಅರ್ಥ. ಈ ಕಡಲತೀರದಲ್ಲಿ ತಾನಾಗಿಯೇ ಬರಿದಾದ ಸರೋವರಗಳ ಗುರುತಾಗಿ ‘ಪಿಂಗೊ’ ಎಂಬ ದಿಬ್ಬಗಳು ನಿಂತಿವೆ. ತಾಲಿಕ್ ಮರಳಿ ಹೆಪ್ಪುಗಟ್ಟುವಾಗ ಒಳಗೆ ಸಿಕ್ಕಿದ ನೀರು ಒತ್ತಡದಿಂದ ಮೇಲಕ್ಕೆದ್ದು ಹಿಮವಾಗಿ ನೆಲವನ್ನು ಎತ್ತುವುದು. ತುಕ್ತೋಯಾಕ್ತುಕ್ ಊರಿನ ಬಳಿಯ ಇಬ್ಯುಕ್ ಪಿಂಗೊ ಸುಮಾರು 49 ಮೀಟರ್ ಎತ್ತರವಾಗಿದೆ.

ಈಗ ನಾಮದ ವಿಚಾರಕ್ಕೆ ಮರಳಬಹುದು. ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ನಿತ್ಯಶಬ್ದದ ಅರ್ಥಗಳನ್ನು ವಿಂಗಡಿಸಿರುವನು. ಕೂಟಸ್ಥವಾಗಿ ಅಲುಗದಿರುವುದು ಒಂದು; ಮತ್ತೆ ಮತ್ತೆ ನಡೆಯುವುದು ಇನ್ನೊಂದು; ಮಾರ್ಪಾಟು ಕಂಡರೂ ತನ್ನ ತತ್ತ್ವವನ್ನು ಕೆಡಿಸಿಕೊಳ್ಳದಿರುವುದು ಮತ್ತೊಂದು. ಈ ನೆಲವು ಮೊದಲನೆಯ ಅರ್ಥದಲ್ಲಿ ನಿತ್ಯವಲ್ಲವೆಂಬುದನ್ನು ಅಲಾಸ್‌ಗಳೇ ತಿಳಿಸುವುವು. ಇಲ್ಲಿಸಾರ್ವಿಕ್‌ನಲ್ಲಿ ಕರಗಿದುದು ಮರಳಿ ಹೆಪ್ಪುಗಟ್ಟಿತಾದುದರಿಂದ ಉಳಿದ ಅರ್ಥಗಳಲ್ಲಿಯಾದರೂ ನಿತ್ಯವೆನ್ನಬಾರದೆ ಎಂದು ಪೂರ್ವಪಕ್ಷಿಯು ಕೇಳಬಹುದು. ಮರಳಿ ಬಂದುದು ಮೊದಲಿನದೇ ಆಗಿದ್ದರೆ ಹಾಗೆನ್ನಬಹುದಾಗಿತ್ತು. 2006ರಲ್ಲಿ ಕೇಟಿ ವಾಲ್ಟರ್, ಸೆರ್ಗೇಯ್ ಜಿಮೊವ್ ಮೊದಲಾದವರು ಈಶಾನ್ಯ ಸೈಬೀರಿಯದ ಇಂಥ ಸರೋವರಗಳಿಂದ ಗುಳ್ಳೆಗಳಾಗಿ ಏಳುವ ಮೀಥೇನ್ ಅನಿಲವನ್ನು ಪರೀಕ್ಷಿಸಿದರು. ಅದರಲ್ಲಿ ಬಹುಭಾಗವು ನೆಲ ಕರಗುತ್ತಿರುವ ಅಂಚುಗಳಿಂದ ಬರುತ್ತಿದ್ದಿತು. ಹೆಚ್ಚು ರಭಸದಿಂದ ಏಳುವ ಕಡೆ ಆ ಅನಿಲದ ಇಂಗಾಲವು 35,000 ವರ್ಷಗಳಿಗಿಂತ ಹಳೆಯದಾಗಿದ್ದಿತು. ಹಿಮಯುಗದ ಹುಲ್ಲುಬೇರುಗಳು ಹೀಗೆ ಅನಿಲವಾಗಿ ಗಾಳಿಯನ್ನು ಸೇರಿ, ಅದನ್ನು ಇನ್ನಷ್ಟು ಬೆಚ್ಚಗೆ ಮಾಡುವುವು. ಅಂಥ ಸರೋವರವು ಬರಿದಾಗಿ ತಳವು ಮತ್ತೆ ಹೆಪ್ಪುಗಟ್ಟಿದರೂ, ಕುಸಿದ ನೆಲವು ಮೊದಲಿನ ಮಟ್ಟಕ್ಕೆ ಏಳದು, ಹೋದ ಅನಿಲವು ಹಿಂದಿರುಗದು. ಅಲ್ಲಿ ತತ್ತ್ವವೇ ಕೆಟ್ಟಿತು. ಆದುದರಿಂದ ಮೂರನೆಯ ಅರ್ಥವೂ ಹೊಂದುವುದಿಲ್ಲ. ಎರಡನೆಯ ಅರ್ಥವನ್ನು ಹಿಡಿದರೆ ಪ್ರತಿವರ್ಷದ ಚಳಿಗಾಲದ ಹೆಪ್ಪೂ ನಿತ್ಯವಾಗಿ, ಹೆಸರು ಅತಿವ್ಯಾಪ್ತವಾಗುವುದು.

ಇದು ಬರಿಯ ಶಬ್ದಕಲಹವಲ್ಲ. ಲಾರೆನ್ಸ್ ಸ್ಮಿತ್ ಮೊದಲಾದವರು 2005ರಲ್ಲಿ ಪ್ರಕಟಿಸಿದಂತೆ, ಪಶ್ಚಿಮ ಸೈಬೀರಿಯದ ಸುಮಾರು 5,15,000 ಚದರ ಕಿಲೋಮೀಟರ್‌ಗಳಲ್ಲಿ 40 ಹೆಕ್ಟೇರಿಗಿಂತ ದೊಡ್ಡವಾದ ಸರೋವರಗಳು 1973ರಲ್ಲಿ 10,882 ಇದ್ದುವು. 1998ರ ವೇಳೆಗೆ 9,712 ಉಳಿದುವು. ಹೆಪ್ಪು ಅಖಂಡವಾಗಿರುವ ಕಡೆ ಸರೋವರಗಳು ಹಿಗ್ಗಿದುವು. ತೆಳುವಾಗಿ ಹರಕುಹರಕಾಗಿರುವ ಕಡೆ ಕುಗ್ಗಿದುವು. ತಾಲಿಕ್ ಹೆಪ್ಪಿನ ಅಡಿಯನ್ನು ಮುಟ್ಟಿದಾಗ, ತಳವೊಡೆದ ಕೊಡದಂತೆ ಸರೋವರವು ಬತ್ತುವುದೆಂದು ಅವರು ಇದಕ್ಕೆ ಕಾರಣ ಹೇಳಿದರು. ಸಾಖಾ ದೇಶದ ಚುರಾಪ್ಚ ಮೊದಲಾದ ಗ್ರಾಮಗಳಲ್ಲಿ ಹೊಲವೂ ಅಂಗಳವೂ ಕುಸಿದು ಹೊಸ ತಗ್ಗುಗಳು ಕಾಣಿಸಿಕೊಂಡಿವೆ. ಪೂರ್ವಿಕರಿಗೆ ಗೋಮಾಳವನ್ನು ಕೊಟ್ಟ ಕುಸಿತವೇ ಇಂದಿನವರ ಮನೆಯಡಿಯ ನೆಲವನ್ನು ಕಳೆಯುತ್ತಿದೆ. ಹಳೆಯ ತಗ್ಗು ಗೋಮಾಳವಾಗಲು ಸಾವಿರಾರು ವರ್ಷಗಳು ಬೇಕಾದುವು, ಮನೆ ಬಿರಿಯಲು ಕೆಲವು ಬೇಸಗೆಗಳು ಸಾಕು. ನಿತ್ಯವೆಂಬ ಹೆಸರನ್ನು ನಂಬಿ ಕಟ್ಟಿದ ಕಟ್ಟಡಕ್ಕೆ ಹೆಸರು ಆಧಾರವಾಗಲಾರದು. ಬಹುವಾರ್ಷಿಕವೆಂಬ ಹೆಸರೇ ಲಕ್ಷಣಕ್ಕೂ ಚರಿತ್ರೆಗೂ ಅವಿರುದ್ಧವಾದುದು. ಎಷ್ಟು ವರ್ಷ ಎಂಬ ಪ್ರಶ್ನೆಯನ್ನು ಕೇಳಬೇಕೆಂಬ ಎಚ್ಚರವಾದರೂ ಅದರಲ್ಲಿ ಉಳಿದಿದೆ.