ಕೋಳಿ ಬಲೆಗೆ ಬಿದ್ದ ಪಾಠಗಳು

ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದದ್ದು ಎಲ್ಲಿಗೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಬೆಂಗಳೂರಿಗೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮುಂಚೆ, 1975ರ ಆಗಸ್ಟ್ 1ರಿಂದ, ಬಿಸಿಲಿಗೂ ಬರಕ್ಕೂ ಹೆಸರಾದ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿ ಮಕ್ಕಳು ಟಿ.ವಿ. ಮುಂದೆ ಕುಳಿತು ಪಾಠ ನೋಡುತ್ತಿದ್ದರು. ಅದೂ ಆಕಾಶದಿಂದ ನೇರವಾಗಿ ಇಳಿದ ಪಾಠ. ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಎರಡನೆಯ ತರಗತಿ ಓದುತ್ತಿದ್ದ ನಾನೂ ಆ ಮಕ್ಕಳಲ್ಲಿ ಒಬ್ಬಳು.

ಈ ಪ್ರಯೋಗವನ್ನು ಚಿಕ್ಕದಾಗಿ 'ಸೈಟ್' ಎಂದು ಕರೆಯುತ್ತಿದ್ದರು. ಇದರ ಹಿಂದಿದ್ದ ಕನಸು ವಿಕ್ರಮ್ ಸಾರಾಭಾಯಿ ಅವರದು. ಬಡ ದೇಶಕ್ಕೆ ಬಾಹ್ಯಾಕಾಶ ಏತಕ್ಕೆ ಎಂದು ಕೇಳುತ್ತಿದ್ದ ಕಾಲದಲ್ಲಿ, ಬಡ ದೇಶಕ್ಕೇ ಅದು ಹೆಚ್ಚು ಬೇಕು ಎಂದು ನಂಬಿದ್ದವರು ಅವರು. 1969ರಲ್ಲಿ ಅಮೆರಿಕದ ನಾಸಾದೊಂದಿಗೆ ಒಪ್ಪಂದವಾಯಿತು. 1971ರ ಡಿಸೆಂಬರಿನಲ್ಲಿ ಸಾರಾಭಾಯಿ ತೀರಿಕೊಂಡರು. ಕಂಡ ಕನಸನ್ನು ಕಣ್ಣಾರೆ ಕಾಣಲಿಲ್ಲ. 1974ರಲ್ಲಿ ಹಾರಿದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಮರುವರ್ಷ ಆಫ್ರಿಕಾದ ಮೇಲಕ್ಕೆ ಸರಿಸಿ, ಒಂದು ವರ್ಷದ ಮಟ್ಟಿಗೆ ನಮಗೆ ಕೊಟ್ಟರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪೆಟ್ಟಿಗೆಗಳು ಬಂದವು.

ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಉಪಗ್ರಹ. ಕೆಳಗೆ ಶಾಲೆಯ ಅಂಗಳದಲ್ಲಿ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ! "ಕೋಳಿ ಬಲ್ಯಾಗ ಮಾತು ಹೆಂಗ ಬೀಳ್ತಾವ?" ಎಂದು ನಮ್ಮಜ್ಜಿ ಕೇಳಿದ್ದಳು. ಅಗ್ಗವಾಗಿ, ನಮ್ಮ ದೇಶದಲ್ಲೇ ಮಾಡಬೇಕೆಂಬ ಹಟದಿಂದ ನಮ್ಮ ಎಂಜಿನಿಯರುಗಳು ರೂಪಿಸಿದ ಬುಟ್ಟಿ ಅದು. ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲುದಾಗಿತ್ತು. ಹೀಗಾಗಿ ಒಂದೇ ಚಿತ್ರವನ್ನು ಎರಡು ಭಾಷೆಗಳ ಊರುಗಳಲ್ಲಿ ಅವರವರ ಮಾತಿನಲ್ಲೇ ಕೇಳಿಸಲು ಸಾಧ್ಯವಿತ್ತು.

ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಒಂದೂವರೆ ಗಂಟೆಯ ಪ್ರಸಾರ. ಹಿಂದಿ, ಕನ್ನಡ, ತೆಲುಗು, ಒಡಿಯಾ ನಾಲ್ಕೂ ಭಾಷೆಗಳಿಗೆ ಅದನ್ನು ಹಂಚಿದಾಗ ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷ. ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಹಾಡು, ನಾಟಕ. ಹೊಲದಿಂದ ಬಂದ ಹೆಂಗಸರು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದರು.

ಆದರೆ ಆ ವರ್ಷದ ದೊಡ್ಡ ಕೆಲಸ ನನಗೆ ಕಾಣುವುದು ಬೇರೆ ಕಡೆ. ಮಕ್ಕಳಿಗೆ ಪಾಠ ತೋರಿಸಿದರಷ್ಟೇ ಸಾಲದು, ಕಲಿಸುವವರು ಕಲಿಯಬೇಕು ಎಂದು ಅದನ್ನು ಯೋಜಿಸಿದವರು ತಿಳಿದಿದ್ದರು. ಟಿ.ವಿ., ರೇಡಿಯೋ, ಮುದ್ರಿತ ಕೈಪಿಡಿ, ಕೈಯಾರೆ ಮಾಡುವ ಪ್ರಯೋಗ ಎಲ್ಲವನ್ನೂ ಸೇರಿಸಿ ಹನ್ನೆರಡು ದಿನಗಳ ವಿಜ್ಞಾನ ತರಬೇತಿಯನ್ನು ಎನ್.ಸಿ.ಇ.ಆರ್.ಟಿ. ಸಿದ್ಧಪಡಿಸಿತು. ಎರಡು ತಂಡಗಳಲ್ಲಿ ಹತ್ತಿರ ಹತ್ತಿರ 50,000 ಪ್ರಾಥಮಿಕ ಶಾಲಾ ಶಿಕ್ಷಕರು ಅದನ್ನು ಪಡೆದರು. ನಮ್ಮ ಮಾಸ್ತರರೂ ಹೋಗಿ ಬಂದರು. ಬಂದಮೇಲೆ ಅವರು ಉರಿಯುವ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ, "ಯಾಕ ಆರಿತು? ನೀವೇ ಹೇಳ್ರಿ" ಎಂದು ಸುಮ್ಮನೆ ನಿಂತುಬಿಟ್ಟರು. ಮಾಸ್ತರರು ಉತ್ತರ ಹೇಳದೆ ಪ್ರಶ್ನೆ ಕೇಳಿದ್ದನ್ನು ನಾವು ಕಂಡದ್ದು ಅದೇ ಮೊದಲು.

1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು. ಉಪಗ್ರಹ ಅಮೆರಿಕದ ಕಡೆಗೆ ಸರಿಯಿತು. 1977ರಲ್ಲಿ ಗುಲ್ಬರ್ಗಾಕ್ಕೆ ಟಿ.ವಿ. ಪ್ರಸಾರ ಕೇಂದ್ರ ಬಂದರೂ ಅದರ ಅಲೆಗಳು ನಮ್ಮೂರನ್ನು ಮುಟ್ಟಲಿಲ್ಲ. ನಮ್ಮ ಪೆಟ್ಟಿಗೆ ಮೂಕವಾಯಿತು. ಬುಟ್ಟಿಯ ಮೇಲೆ ಹೀರೇಬಳ್ಳಿ ಹಬ್ಬಿತು. ಆದರೆ ಮಾಸ್ತರರ ಮೇಣದಬತ್ತಿ ಪಾಠ ನಿಲ್ಲಲಿಲ್ಲ. ನನ್ನ ತಮ್ಮಂದಿರೂ ಅದನ್ನು ನೋಡಿಯೇ ಮೇಲಿನ ತರಗತಿಗೆ ಹೋದರು.

ಆಮೇಲೆ ಅವಕಾಶಗಳು ಬರಲಿಲ್ಲವೆಂದಲ್ಲ. 2004ರ ಸೆಪ್ಟೆಂಬರಿನಲ್ಲಿ, ಈ ಸಲ ನಮ್ಮದೇ ರಾಕೆಟ್ಟಿನಲ್ಲಿ, ಶ್ರೀಹರಿಕೋಟದಿಂದ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠ ಕಂಡವು. 2019ರಲ್ಲಿ ಇಸ್ರೋ ಸಂಸ್ಥೆ ಒಂಬತ್ತನೆಯ ತರಗತಿಯವರಿಗೆ 'ಯುವಿಕಾ' ಎಂಬ ಬೇಸಿಗೆ ಶಿಬಿರ ಆರಂಭಿಸಿತು. ಆಯ್ಕೆಯಲ್ಲಿ ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚಿನ ಅಂಕವೂ ಉಂಟು. ಒಳ್ಳೆಯದೇ. ಆದರೆ ದೇಶಕ್ಕೆಲ್ಲ ಸೇರಿ ಕೆಲವು ನೂರು ಮಕ್ಕಳಿಗಷ್ಟೇ ಅಲ್ಲಿ ಜಾಗ. ಅರ್ಜಿಯ ಸುದ್ದಿ ನಮ್ಮಂಥ ಶಾಲೆಗೆ ಮುಟ್ಟುವ ಹೊತ್ತಿಗೆ ಗಡುವು ಮುಗಿದದ್ದೂ ಉಂಟು. ಹೋದ ಮಗು ಅದೃಷ್ಟವಂತ. ಉಳಿದ ಮಕ್ಕಳ ಗತಿ?

ನಾನು ಬಿ.ಎ., ಬಿ.ಎಡ್. ಓದಿದವಳು, ಇತಿಹಾಸ ನನ್ನ ವಿಷಯ. ಆದರೂ ವಿಜ್ಞಾನದ ಶಿಕ್ಷಕರಿಲ್ಲದ ವರ್ಷಗಳಲ್ಲಿ ಆ ಪಾಠ ನನ್ನ ಪಾಲಿಗೆ ಬಂದಿದೆ. ಆಗ ನನಗೆ ಬೇಕೆನಿಸಿದ್ದು ಹೊಸ ಪೆಟ್ಟಿಗೆಯಲ್ಲ, ಅಂಥ ಹನ್ನೆರಡು ದಿನಗಳು. ಇತಿಹಾಸ ಕಲಿಸುವವಳಾಗಿ ಸೈಟ್ ಕಥೆಯಿಂದ ನಾನು ತೆಗೆದ ಸಾರ ಇಷ್ಟೇ: ಉಪಗ್ರಹಕ್ಕೆ ಆಯುಷ್ಯವಿದೆ, ಯೋಜನೆಗೆ ವಾಯಿದೆಯಿದೆ. ಒಮ್ಮೆ ಸರಿಯಾಗಿ ಕಲಿತ ಶಿಕ್ಷಕ ಮಾತ್ರ ಮೂವತ್ತು ವರ್ಷ ಅದೇ ಊರಿನಲ್ಲಿ ಇರುತ್ತಾನೆ. ಆಕಾಶಕ್ಕೆ ಖರ್ಚು ಮಾಡುವಾಗ ಅವನ ಹೆಸರಿಗೂ ಒಂದು ಪಾಲು ಬರೆದಿಟ್ಟರೆ, ಅದು ಬಡ್ಡಿ ಸಮೇತ ಮಕ್ಕಳಿಗೇ ಸಲ್ಲುತ್ತದೆ.