ಅಜಪುರದ ಆಟ, ಆಟದ ಮಾತು

ಬ್ರಹ್ಮಾವರದ ಸುತ್ತಣ ಸೀಮೆಯಲ್ಲಿ ‘ಆಟ’ವೆಂಬ ಶಬ್ದಕ್ಕೆ ಬಹುಕಾಲದವರೆಗೆ ಒಂದೇ ಅರ್ಥವಿದ್ದಿತು. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬಗಳನ್ನು ನೆಟ್ಟು, ಮಾವಿನೆಲೆಯ ತೋರಣವನ್ನು ಕಟ್ಟಿ, ಇರುಳಿನಿಂದ ಬೆಳಗಿನವರೆಗೆ ನಡೆಯಿಸುತ್ತಿದ್ದ ಯಕ್ಷಗಾನ ಬಯಲಾಟವೇ ಆ ಆಟ. ‘ನಿನ್ನೆ ಆಟಕ್ಕೆ ಹೋಗಿದ್ದೆ’ ಎಂದವನನ್ನು ಯಾವ ಮೇಳ, ಯಾವ ಪ್ರಸಂಗವೆಂದು ಕೇಳುವವರಿದ್ದರೇ ವಿನಾ ಯಾವ ಆಟವೆಂದು ಕೇಳುವವರಿರಲಿಲ್ಲ. ಇಂದು ಅದೇ ಮನೆಗಳ ಮಕ್ಕಳು ಕಂಪ್ಯೂಟರಿನ ಪರದೆಯ ಮೇಲಣ ಕ್ರೀಡೆಯನ್ನೂ ಆಟವೆಂದೇ ಕರೆಯುತ್ತಾರೆ. ಇಪ್ಪತ್ತು ಮೂವತ್ತು ವರ್ಷ ಹಳೆಯದಾದ ಅಂಥ ಒಂದು ಆಟವನ್ನು ಮೆಚ್ಚಿದವನು ಅದಕ್ಕೆ ತನ್ನದೊಂದು ಕಥೆಯನ್ನೋ ಪಾತ್ರವನ್ನೋ ಸೇರಿಸಹೊರಟಾಗ, ಆ ಸೇರ್ಪಡೆಯನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬ ಜಿಜ್ಞಾಸೆಯೇ ಅವನಿಗೆ ಮೊದಲು ಎದುರಾಗುವುದು. ಈ ಜಿಜ್ಞಾಸೆಯನ್ನು ಅವನ ಹಿರಿಯರು ಬಣ್ಣದ ಮನೆಯಾದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಲೇ ಪರಿಹರಿಸಿಕೊಂಡಿದ್ದ ಬಗೆಯನ್ನು ನೆನೆಯುವುದು ಈ ಲೇಖನದ ಉದ್ದೇಶ.

ಬ್ರಹ್ಮಾವರಕ್ಕೆ ಅಜಪುರವೆಂಬ ಹೆಸರೂ ಉಂಟು, ಅಜನೆಂದರೆ ಬ್ರಹ್ಮ. ಅಜಪುರದ ವಿಷ್ಣುವೆಂಬ ಕವಿಯು ೧೬ನೆಯ ಶತಮಾನದಲ್ಲಿ ರಚಿಸಿದ ‘ವಿರಾಟಪರ್ವ’ವು, ತಾಳೆಯ ಗರಿಗಳಲ್ಲಿ ಉಳಿದು ನಮ್ಮ ಕಾಲಕ್ಕೆ ಬಂದ ಯಕ್ಷಗಾನ ಪ್ರಸಂಗಗಳೊಳಗೆ ಅತಿ ಪ್ರಾಚೀನವಾದವುಗಳ ಪಂಕ್ತಿಗೆ ಸೇರಿದುದು. ಇಂಥ ಹಳೆಯ ಪ್ರಸಂಗವೊಂದನ್ನು ಬಿಚ್ಚಿ ನೋಡಿದವನಿಗೆ ರಾಗದ ಹೆಸರು ಕಾಣುತ್ತದೆ, ತಾಳದ ಹೆಸರು ಕಾಣುತ್ತದೆ, ಭಾಮಿನಿ, ವಾರ್ಧಕ, ದ್ವಿಪದಿ, ಕಂದಗಳು ಒಂದರ ಹಿಂದೊಂದಾಗಿ ಕಾಣುತ್ತವೆ. ಆದರೆ ರಾತ್ರಿಯ ಅರ್ಧಭಾಗವನ್ನು ತುಂಬತಕ್ಕ ಗದ್ಯಸಂಭಾಷಣೆ ಮಾತ್ರ ಬಹುಮಟ್ಟಿಗೆ ಇಲ್ಲವೇ ಇಲ್ಲ. ಅದನ್ನು ಕವಿಯು ವೇಷಧಾರಿಗೆ ಬಿಟ್ಟುಕೊಟ್ಟಿದ್ದಾನೆ. ಭಾಗವತನು ಪದವೊಂದನ್ನು ಹಾಡಿ ಮುಗಿಸಿ, ಮದ್ದಳೆ ಚೆಂಡೆಗಳು ಸ್ತಬ್ಧವಾದೊಡನೆ, ವೇಷಧಾರಿಯು ಆ ಪದದ ತಾತ್ಪರ್ಯವನ್ನು ತನ್ನ ಸ್ವಂತ ಮಾತಿನಲ್ಲಿ, ಅಂದಂದಿಗೆ ಹೊಳೆದಂತೆ, ವಿಸ್ತರಿಸಿ ಹೇಳುವುದಕ್ಕೆ ‘ಅರ್ಥ’ವೆಂದು ಹೆಸರು. ಕೀಚಕನು ಸೈರಂಧ್ರಿಯನ್ನು ಕಂಡು ಮೋಹಗೊಳ್ಳುವ ನಾಲ್ಕು ಸಾಲಿನ ಪದಕ್ಕೆ ಒಬ್ಬನು ಐದು ನಿಮಿಷದ ಅರ್ಥವನ್ನೂ ಇನ್ನೊಬ್ಬನು ಅರ್ಧ ಗಂಟೆಯ ಅರ್ಥವನ್ನೂ ಹೇಳಿಯಾನು. ಪದ ಕದಲದು, ತಾಳ ಕದಲದು, ಅರ್ಥ ಮಾತ್ರ ಇರುಳಿರುಳಿಗೂ ಹೊಸದು.

ಹೀಗೆ ಬಿಟ್ಟ ಸ್ವಾತಂತ್ರ್ಯಕ್ಕೆ ಒಂದು ಕಡಿವಾಣವೂ ಇದ್ದಿತು. ಭಾಗವತನೇ ಮೊದಲನೆಯ ವೇಷವೆಂದು ಹೇಳುವ ವಾಡಿಕೆಯಿದೆ. ವೇಷಧಾರಿಯ ಮಾತು ಎಲ್ಲೆಯನ್ನು ಮೀರಿ ಬೆಳೆದು ಪ್ರಸಂಗ ಸಾಗದಂತಾದಾಗ, ಅವನು ಯಾರನ್ನೂ ಗದರದೆ, ಕೈಯ ತಾಳವನ್ನು ತಟ್ಟಿ ಮುಂದಿನ ಪದವನ್ನು ಎತ್ತಿಕೊಂಡುಬಿಡುತ್ತಾನೆ. ಎಂಥ ಅರಸನ ವೇಷವಾದರೂ ಆ ಕ್ಷಣ ಮಾತನ್ನು ನಿಲ್ಲಿಸಿ ಹೆಜ್ಜೆ ಹಾಕಲೇಬೇಕು.

ಹಾಗಾದರೆ ಆ ಅರ್ಥವನ್ನು ಯಾವ ನುಡಿಯಲ್ಲಿ ಹೇಳಬೇಕು? ಬ್ರಹ್ಮಾವರವು ನುಡಿಗಳ ಸಂಗಮಸ್ಥಾನ. ತೆಂಕಣಿಂದ ಬಂದ ತುಳುವೂ ಬಡಗಣಿಂದ ಬಂದ ಕುಂದಗನ್ನಡವೂ ಇಲ್ಲಿ ಸಂಧಿಸುತ್ತವೆ, ಕೊಂಕಣಿಯಾಡುವ ಮನೆಗಳು ನಡುನಡುವೆ ಇವೆ. ಗದ್ದೆಯಲ್ಲಿ ಚಾಪೆ ಹಾಸಿ ಕುಳಿತ ಜನದ ಮನೆಮಾತುಗಳಲ್ಲಿ ಒಂದನ್ನು ಆರಿಸಿದ್ದರೆ ಮಿಕ್ಕವರು ಹೊರಗಿನವರಾಗುತ್ತಿದ್ದರು. ರಂಗಸ್ಥಳವು ಆರಿಸಿಕೊಂಡುದು ಯಾರ ಮನೆಯಲ್ಲಿಯೂ ಆಡದ ಗ್ರಾಂಥಿಕ ಕನ್ನಡವನ್ನು. ಅದು ಯಾರದೂ ಆಗಿರಲಿಲ್ಲವಾದುದರಿಂದಲೇ ಎಲ್ಲರದೂ ಆಗಬಲ್ಲುದಾಯಿತು. ಶಾಲೆಯ ಮೆಟ್ಟಿಲನ್ನು ಹೆಚ್ಚಾಗಿ ಹತ್ತದ ಕಲಾವಿದರೂ ಹಿರಿಯರ ಅರ್ಥವನ್ನು ಕೇಳಿ ಕೇಳಿಯೇ ಅದನ್ನು ಕರಗತ ಮಾಡಿಕೊಂಡರು. ಬ್ರಹ್ಮಾವರದ ಮಗ್ಗುಲಿನ ಹಾರಾಡಿ, ಮಟಪಾಡಿಗಳೆಂಬ ಎರಡು ಹಳ್ಳಿಗಳು ಬಡಗುತಿಟ್ಟೆಂಬ ಬಡಗಣ ಯಕ್ಷಗಾನ ಪರಂಪರೆಯ ಎರಡು ಶೈಲಿಗಳಿಗೆ ತಮ್ಮ ಹೆಸರನ್ನೇ ಕೊಟ್ಟಿವೆ. ಕರ್ಣನ ವೇಷದಿಂದ ಜನಮನದಲ್ಲಿ ನಿಂತ ಹಾರಾಡಿ ರಾಮ ಗಾಣಿಗರೂ, ಮುಂದೆ ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಗುರುಗಳಾದ ವೀರಭದ್ರ ನಾಯಕರೂ ಈ ಮಣ್ಣಿನವರು. ಕುಣಿತದಲ್ಲಿ ಆ ಶೈಲಿಗಳು ಭಿನ್ನವಾದರೂ ರಂಗದ ಮಾತಿನ ನಿಯಮ ಒಂದೇ: ರಾಜನ ಬಾಯಲ್ಲಿ ಇಂಗ್ಲಿಷಿನ ಒಂದು ಶಬ್ದ ನುಸುಳಿದರೂ ಸಭೆ ಗೊಳ್ಳೆಂದು ನಗುವುದು.

ನಿಯಮಕ್ಕೆ ಒಂದು ಬಾಗಿಲನ್ನೂ ತೆರೆದಿಟ್ಟಿದ್ದರು. ಸಿಂಹಾಸನದ ಮೇಲಣ ಅರಸನು ಗಂಭೀರಸ್ವರದಲ್ಲಿ, ಮಂತ್ರಿವರ್ಯರನ್ನು ಸಭೆಗೆ ಬರಮಾಡೆಂದು ಆಜ್ಞಾಪಿಸುತ್ತಲೇ, ದೂತನ ವೇಷದ ಹಾಸ್ಯಗಾರನು ಸಭೆಯತ್ತ ತಿರುಗಿ, ‘ಹ್ವಾಯ್, ಕಾಣಿ ಮರ್ರೆ’ ಎಂದು ತನ್ನ ಊರಿನ ಕುಂದಗನ್ನಡದಲ್ಲಿಯೇ ಆರಂಭಿಸುತ್ತಾನೆ. ಪೌರಾಣಿಕವಾದ ಮತ್ಸ್ಯನಗರಿಯು ಒಮ್ಮೆಗೆ ಬ್ರಹ್ಮಾವರದ ಸಂತೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಗ್ರಾಂಥಿಕದ ಭಾರವೂ ಆಡುಮಾತಿನ ಹಗುರವೂ ಒಂದೇ ರಂಗದಲ್ಲಿ ತಮ್ಮ ತಮ್ಮ ನೆಲೆಯರಿತು ಬಾಳಿದ ಏರ್ಪಾಡು ಇದು.

ಕಂಪ್ಯೂಟರ್ ಆಟಗಳನ್ನು ಕಟ್ಟಿದವರೂ ಬೇರೊಂದು ದಾರಿಯಿಂದ ಇದೇ ಏರ್ಪಾಡಿಗೆ ಬಂದು ಮುಟ್ಟಿದುದು ಕುತೂಹಲದ ಸಂಗತಿ. ೧೯೮೭ರಲ್ಲಿ ‘ಮೇನಿಯಾಕ್ ಮ್ಯಾನ್ಷನ್’ ಎಂಬ ಆಟವನ್ನು ರಚಿಸುವಾಗಲೇ, ಕಥೆಯ ಆಗುಹೋಗುಗಳನ್ನು ಬರೆಯುವುದಕ್ಕೆ ‘ಸ್ಕಮ್’ ಎಂಬ ಪ್ರತ್ಯೇಕ ಭಾಷೆಯೊಂದನ್ನು ಹೊಸೆದಿದ್ದರು. ೧೯೯೩ರ ‘ಡೂಮ್’ ಆಟವು ತನ್ನ ಚಿತ್ರಗಳನ್ನೂ ಭೂಪಟಗಳನ್ನೂ ಆಟವನ್ನು ನಡೆಯಿಸುವ ಎಂಜಿನ್‌ನಿಂದ ಬೇರ್ಪಟ್ಟ ಕಡತದಲ್ಲಿ ಇರಿಸಿದುದರಿಂದ ಆಟಗಾರರು ಹೊಸ ಭೂಪಟಗಳನ್ನು ಹೆಣೆಯಬಹುದಾಯಿತು. ರಾಕ್ಷಸರ ನಡವಳಿಕೆಯನ್ನು ಬದಲಿಸುವುದು ಮಾತ್ರ ಸುಲಭವಾಗಿರಲಿಲ್ಲ. ೧೯೯೬ರ ‘ಕ್ವೇಕ್’ನಲ್ಲಿ ಜಾನ್ ಕಾರ್ಮ್ಯಾಕ್ ‘ಕ್ವೇಕ್‌ಸಿ’ ಎಂಬ ಚಿಕ್ಕ ಭಾಷೆಯನ್ನು ಒದಗಿಸಿ ಆ ಬಾಗಿಲನ್ನೂ ತೆರೆದನು. ಮರುವರ್ಷದ ಎರಡನೆಯ ಕ್ವೇಕ್ ಅದನ್ನು ಬಿಟ್ಟು, ವೇಗದ ಆಸೆಯಿಂದ ‘ಸಿ’ ಭಾಷೆಯಲ್ಲಿಯೇ ನೇರವಾಗಿ ಬರೆಯುವ ಕ್ರಮವನ್ನು ಹಿಡಿಯಿತು. ಹಾಗೆ ಬರೆದ ಸೇರ್ಪಡೆಗಳನ್ನು, ಅಂದರೆ ಮಾಡ್‌ಗಳನ್ನು ಒಂದೊಂದು ಬಗೆಯ ಯಂತ್ರಕ್ಕೂ ಬೇರೆಬೇರೆಯಾಗಿ ಸಿದ್ಧಪಡಿಸಬೇಕಾಗಿ ಬಂದಿತು. ೧೯೯೯ರ ಮೂರನೆಯ ಕ್ವೇಕ್, ಬರೆದುದನ್ನು ಕಾವಲಿನ ಒಳಗಿಟ್ಟು ನಡೆಯಿಸುವ ಕಲ್ಪಿತ ಯಂತ್ರದ ಪದ್ಧತಿಗೆ ಹಿಂದಿರುಗಿತು. ವೇಷಧಾರಿಯ ಕೈಗೆ ಭಾಗವತನ ತಾಳವನ್ನು ಕೊಟ್ಟು ನೋಡಿ, ಮತ್ತೆ ಹಿಂದಕ್ಕೆ ಪಡೆದಂತಾಯಿತು.

ಇದೇ ಕಾಲದಲ್ಲಿ, ಬ್ರೆಜಿಲ್ ದೇಶದ ರಿಯೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ೧೯೯೩ರಲ್ಲಿ ಹುಟ್ಟಿದ ‘ಲುವಾ’ ಎಂಬ ಭಾಷೆ ಆಟಗಳ ಲೋಕವನ್ನು ಹೊಕ್ಕಿತು. ಪೋರ್ಚುಗೀಸಿನಲ್ಲಿ ಆ ಶಬ್ದಕ್ಕೆ ಚಂದ್ರನೆಂದು ಅರ್ಥ. ಪ್ರೋಗ್ರಾಮಿಂಗ್ ವೃತ್ತಿಯವರಲ್ಲದ ತೈಲೋದ್ಯಮದ ಎಂಜಿನಿಯರುಗಳಿಗೂ ಕೈಗೆಟುಕುವಂತೆ ಅದನ್ನು ರೂಪಿಸಿದ್ದರು. ಅದು ಬೇರೊಂದು ದೊಡ್ಡ ಪ್ರೋಗ್ರಾಮಿನ ಒಳಗೆ ಅಡಗಿ ಕುಳಿತುಕೊಳ್ಳಬಲ್ಲಷ್ಟು ಕಿರಿದು. ಮನೆಯೊಡೆಯನು ತೆರೆದು ತೋರಿಸಿದಷ್ಟನ್ನೇ ಮುಟ್ಟುವಷ್ಟು ವಿನೀತ. ೧೯೯೮ರಲ್ಲಿ ‘ಗ್ರಿಮ್ ಫ್ಯಾಂಡ್ಯಾಂಗೊ’ ಅದನ್ನು ಬಳಸಿತು. ೨೦೦೫ರಲ್ಲಿ ಪೈಥಾನ್ ಭಾಷೆಯನ್ನು ಅವಲಂಬಿಸಿದ್ದ ‘ಸಿವಿಲೈಸೇಷನ್’ ಆಟಮಾಲೆಯೂ ೨೦೧೦ರ ಐದನೆಯ ಆವೃತ್ತಿಗೆ ಲುವಾವನ್ನೇ ಆರಿಸಿಕೊಂಡಿತು. ೨೦೦೨ರ ‘ಮಾರೋವಿಂಡ್’ ಆಟವನ್ನು ಅಭಿಮಾನಿಗಳು ‘ಓಪನ್‌ಎಂಡಬ್ಲ್ಯೂ’ ಎಂಬ ಹೊಸ ಎಂಜಿನ್ ಮೇಲೆ ಮರುಕಟ್ಟಿದಾಗ, ಅದರ ಹಳೆಯ ಸ್ಕ್ರಿಪ್ಟಿಂಗ್ ಭಾಷೆಯನ್ನು ಉಳಿಸಿಕೊಂಡೇ ಪಕ್ಕದಲ್ಲಿ ಲುವಾಗೆ ಎಡೆ ಮಾಡಿಕೊಟ್ಟರು. ಅರಸನಿಗೊಂದು ನುಡಿ, ದೂತನಿಗೊಂದು ನುಡಿ!

ಹಳೆಯ ಆಟವನ್ನು ಮಾರ್ಪಡಿಸುವ ಹವ್ಯಾಸವು ನಮ್ಮ ಸೀಮೆಗೂ ಹೊಸತಾಗಿರಲಿಲ್ಲ. ೧೯೦೨ರಲ್ಲಿ ಕೋಟದಲ್ಲಿ ಜನಿಸಿ, ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕಾಗಿ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದ ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತನ್ನೇ ತೆಗೆದುಹಾಕಿ, ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ಸೇರಿಸಿ, ಇರುಳಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಸಂಕ್ಷೇಪಿಸಿದರು. ಕನ್ನಡವರಿಯದ ಪ್ರೇಕ್ಷಕನಿಗೆ ಆ ರೂಪ ಸುಲಭವಾಯಿತು. ಆದರೆ ವೇಷಧಾರಿಗೆ ತನ್ನದೆಂದು ಸೇರಿಸುವ ಎಡೆ ಅದರಲ್ಲಿ ಕುಗ್ಗಿತು. ೧೯೯೦ರಲ್ಲಿ ಅಕಾಲಮೃತ್ಯುವಿಗೀಡಾದ, ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರದು ಬೇರೆ ಹಾದಿ: ‘ನಾಗಶ್ರೀ’ಯಂಥ ಹೊಸ ಕಥೆಯನ್ನು ಹೆಣೆದರೂ ಅದನ್ನು ಹಳೆಯ ರಾಗತಾಳಗಳ ಚೌಕಟ್ಟಿನಲ್ಲಿಯೇ ನಿಲ್ಲಿಸಿ, ಅರ್ಥವನ್ನು ವೇಷಧಾರಿಗೆ ಬಿಟ್ಟರು.

ಆದುದರಿಂದ, ಹಳೆಯ ಆಟಕ್ಕೆ ಯಾವ ಭಾಷೆಯಲ್ಲಿ ಮಾಡ್ ಬರೆಯಲೆಂದು ಕೇಳುವ ತರುಣನಿಗೆ ಚೌಕಿಯ ಹಿರಿಯರು ಎರಡನ್ನು ಮಾತ್ರ ವಿಚಾರಿಸಿಯಾರು: ಭಾಗವತನು ತಾಳ ತಟ್ಟಿದರೆ ನಿನ್ನ ಮಾತು ನಿಲ್ಲುವುದೇ? ನಿನ್ನ ತರುವಾಯ ಬಂದವನು ಅದನ್ನು ಕೇಳಿ ಕಲಿಯಬಲ್ಲನೇ? ವಿಷ್ಣುಕವಿಯ ‘ವಿರಾಟಪರ್ವ’ದಲ್ಲಿ ಕೀಚಕನಾಗಿ ನಿಂತವರೆಷ್ಟೋ ಮಂದಿ, ಅವರಾಡಿದ ಅರ್ಥದ ಒಂದು ವಾಕ್ಯವೂ ಗರಿಯ ಮೇಲಿಲ್ಲ. ಪದ ಮುಗಿದು ಮದ್ದಳೆ ನಿಂತಾಗ ಈ ಇರುಳಿನ ಕೀಚಕನು ಬಾಯಿ ತೆರೆಯುವುದು, ಅವರು ಉಳಿಸಿಹೋದ ಆ ಕನ್ನಡದಲ್ಲಿಯೇ.