ಸೆಟ್ಟು ಕಳಚಿ ಮನೆಗೆ ತರ್ತಿದ್ದ ಕಾಲದಿಂದ ಬೋಸ್ ತನಕ

ಕಾರು ತಗೊಳ್ಳೋ ಮನೆಗಳಲ್ಲಿ ಮೊದಲು ಮೈಲೇಜಿನ ಮಾತು ಬರ್ತಿತ್ತು, ಆಮೇಲೆ ಡಿಕ್ಕೀಲಿ ಎಷ್ಟು ಚೀಲ ಹಿಡಿಯುತ್ತೆ ಅನ್ನೋದು. ಈಗ ಮೂರನೇ ಮಾತೇ ಸೌಂಡ್ ಸಿಸ್ಟಮ್ಮು. ಕಡೂರಿನ ನಮ್ಮ ಮನೇಲೂ ಹಂಗೇ ಆಯ್ತು. ಮಗಳಿಗೆ ಬೋಸ್ ಇರೋದೇ ಬೇಕು, ಅಳಿಯಂದಿರು ಜೆಬಿಎಲ್ ಅಂತಾರೆ, ಅಜ್ಜಂಪುರದ ಮನೆ ಬಿಟ್ಟು ನಮ್ಮ ಜೊತೆ ಬಂದಿರೋ ಅಪ್ಪ "ಭದ್ರಾವತಿ ಸ್ಟೇಷನ್ನು ಬರುತ್ತೋ ಇಲ್ವೋ, ಅಷ್ಟು ಹೇಳ್ರಪ್ಪ" ಅಂತಾರೆ. ತೊಡಕು ಏನಂದ್ರೆ, ಈ ಹೆಸರಿನ ಸ್ಪೀಕರುಗಳನ್ನ ಕಂಪನಿಯೋರು ಬಿಡಿಯಾಗಿ ಹಾಕಿ ಕೊಡಲ್ಲ. ಮೇಲಿನ ಮಾಡೆಲ್ಲೇ ತಗೋಬೇಕು. ಬೇಕೋ ಬ್ಯಾಡ್ವೋ, ಸನ್‌ರೂಫು, ತಂಪು ಸೀಟು ಎಲ್ಲಾ ಜೊತೇಲಿ ಬರುತ್ತೆ. ವ್ಯತ್ಯಾಸ ಸಾವಿರದಲ್ಲಲ್ಲ, ಲಕ್ಷದಲ್ಲಿ. ಅಡಿಕೆ ದುಡ್ಡಿಗೆ ಕೈ ಹಾಕೋ ವಿಷಯ. ಅದಕ್ಕೇ ಈ ಕಾರಿನ ಹಾಡು ಎಲ್ಲಿಂದ ಬಂತು, ದುಡ್ಡು ಯಾತಕ್ಕೆ ಕೊಡ್ತೀವಿ ಅಂತ ಬುಡದಿಂದ ನೋಡ್ಕೊಂಡು ಬಂದೆ.

ಕಾರಿಗೆ ಮೊದಲು ಬಂದಿದ್ದು ರೇಡಿಯೋ. ಅಮೆರಿಕದ ಶಿಕಾಗೋದಲ್ಲಿ ಗಾಲ್ವಿನ್ ಅನ್ನೋರ ಕಂಪನಿ 1930ರಲ್ಲಿ ಕಾರ್ ರೇಡಿಯೋ ಮಾಡಿ ಮಾರಿತು. ಅದಕ್ಕಿಟ್ಟ ಹೆಸರು ಮೋಟೊರೋಲಾ. ನಾವು ಮೊಬೈಲಿನ ಮೇಲೆ ನೋಡಿದ ಅದೇ ಹೆಸರು, ಹುಟ್ಟಿದ್ದು ಮೋಟಾರು ಗಾಡಿಯಿಂದ. ಎರಡು ವರ್ಷ ಬಿಟ್ಟು, 1932ರಲ್ಲಿ, ಜರ್ಮನಿಯ ಬ್ಲಾಪುಂಕ್ಟ್ ಕಂಪನಿ ಯುರೋಪಿನ ಮೊದಲ ಕಾರ್ ರೇಡಿಯೋ ತಂದಿತು. ಸುಮಾರು 15 ಕೆ.ಜಿ. ತೂಕ, ಬೆಲೆ 465 ಮಾರ್ಕು, ಅಂದ್ರೆ ಒಂದು ಸಣ್ಣ ಕಾರಿನ ಬೆಲೇಲಿ ಮೂರನೇ ಒಂದು ಪಾಲು. ಆಗಿನ ರೇಡಿಯೋದಲ್ಲಿ ಇದ್ದದ್ದು ಗಾಜಿನ ವಾಲ್ವು. ಅದಕ್ಕೆ ನೂರಾರು ವೋಲ್ಟ್ ಬೇಕು, ಕಾರಿನ ಬ್ಯಾಟರಿಯಲ್ಲಿ ಇದ್ದದ್ದು ಆರೋ ಹನ್ನೆರಡೋ. ಆ ಆರನ್ನ ಇನ್ನೂರು ಮಾಡೋಕೆ ಗುಂಯ್ ಅಂತ ಬಡ್ಕೊಳ್ಳೋ ಒಂದು ಸ್ವಿಚ್ಚು ಇಟ್ಟಿದ್ರು. ಹಾಡಿನ ಹಿಂದೆ ಅದರ ಗುಂಯ್ ಬೇರೆ.

1933ರಲ್ಲಿ ಬ್ಲಾಪುಂಕ್ಟನ್ನ ಬಾಷ್ ಕಂಪನಿ ಕೊಂಡುಕೊಂಡಿತು. ಅದೇ ಬಾಷ್ 1951ರಲ್ಲಿ ಬೆಂಗಳೂರಲ್ಲಿ ಶುರು ಮಾಡಿದ್ದು ನಮಗೆಲ್ಲ ಗೊತ್ತಿರೋ ಮೈಕೋ. ಮೈಕೋ ಪ್ಲಗ್ಗು ನಮ್ಮ ಕಡೆ ಪಂಪ್‌ಸೆಟ್ಟಿಂದ ಹಿಡಿದು ಸ್ಕೂಟರಿನ ತನಕ ಓಡಿತು. ತಮಾಷೆ ನೋಡಿ, ರೇಡಿಯೋದಲ್ಲಿ ಚಟಪಟ ಅನ್ನಿಸೋದು ಅದೇ ಪ್ಲಗ್ಗಿನ ಕಿಡಿ. ಒಂದೇ ಮನೆತನದೋರು ಒಂದು ಕೈಲಿ ಹಾಡು ಕೊಟ್ಟು ಇನ್ನೊಂದು ಕೈಲಿ ಗಲಾಟೆ ಕೊಟ್ಟಂಗೆ.

ನಮ್ಮ ತಾಲ್ಲೂಕುಗಳಿಗೆ ಈ ಕಥೆ ಬಂದು ಸೇರೋದು 1965ರಲ್ಲಿ, ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಶುರುವಾದಾಗ. ಮೀಡಿಯಂ ವೇವ್ 675 ಕಿಲೋಹರ್ಟ್ಸ್. ತರೀಕೆರೆಗೆ ಅದು ಪಕ್ಕದ ಊರು, ಕಡೂರು ಅಜ್ಜಂಪುರಕ್ಕೂ ದೂರ ಅಲ್ಲ. ಮೀಡಿಯಂ ವೇವು ನೆಲ ಹಿಡ್ಕೊಂಡು ಹೋಗೋ ಜಾತಿ, ಬಾಬಾಬುಡನ್ ಬೆಟ್ಟ ಅಡ್ಡ ಬಂದ್ರೂ ಸುತ್ತಿ ಬರುತ್ತೆ. ಅದಕ್ಕೇ ತೋಟದ ಮನೇಲೂ ಕೇಳ್ತಿತ್ತು, ರಸ್ತೆ ಮೇಲೂ ಕೇಳ್ತಿತ್ತು. ಆಗ ಕಾರಿದ್ದೋರು ಊರಿಗೆ ಒಬ್ಬರೋ ಇಬ್ಬರೋ. ಅಂಬಾಸಿಡರಿನ ಡ್ಯಾಶ್‌ಬೋರ್ಡಲ್ಲಿ ರೇಡಿಯೋ ಇದ್ರೆ ಸಾಹುಕಾರ್ರು ಅಂತ ಲೆಕ್ಕ. ಆ ರೇಡಿಯೋಗೆ ಲೈಸೆನ್ಸು ಬೇರೆ. ಪೋಸ್ಟಾಫೀಸಿಗೆ ಹೋಗಿ ವರ್ಷಾ ವರ್ಷಾ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರಬೇಕಿತ್ತು. 80ರ ದಶಕದ ನಡು ತನಕ ಈ ಪದ್ಧತಿ ಇತ್ತು.

ಅಪ್ಪ ಹೇಳೋ ಪ್ರಕಾರ ಆ ರೇಡಿಯೋದಲ್ಲಿ ಹಾಡಿಗಿಂತ ಮಾತು ಚೆನ್ನಾಗಿ ಕೇಳ್ತಿತ್ತು. ಅದು ನಿಜಾನೇ. ಡ್ಯಾಶ್‌ಬೋರ್ಡಿನ ನಡುವೆ ಒಂದೇ ಸ್ಪೀಕರು, ದಪ್ಪ ದನಿಯೂ ಇಲ್ಲ, ತೀರಾ ಸಣ್ಣ ದನಿಯೂ ಇಲ್ಲ, ಮನುಷ್ಯರ ಮಾತು ಇರೋ ನಡುಭಾಗ ಮಾತ್ರ. ವಾರ್ತೆ, ರೈತರ ಕಾರ್ಯಕ್ರಮ, ಅಡಿಕೆ ಧಾರಣೆ ಕೇಳೋಕೆ ಅದಕ್ಕಿಂತ ಬೇಕಾಗೂ ಇರ್ಲಿಲ್ಲ.

ಆಮೇಲೆ ಬಂತು ನೋಡಿ ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನ ಜಗತ್ತಿಗೆ ತೋರಿಸಿದ್ದು 1963ರಲ್ಲಿ, ನಮ್ಮ ರಸ್ತೆಗೆ ಅದು ಇಳಿಯೋ ಹೊತ್ತಿಗೆ ಹದಿನೈದು ವರ್ಷದ ಮೇಲಾಯ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟಾಗಿ ಬಂತು. ಅಲ್ಲಿ ತನಕ ಸ್ಟೇಷನ್ನಿನೋರು ಹಾಕಿದ್ದನ್ನ ನಾವು ಕೇಳಬೇಕಿತ್ತು. ಈಗ ನಮಗೆ ಬೇಕಾದ್ದು, ಬೇಕಾದಾಗ, ಬೇಕಾದಷ್ಟು ಸಲ. ಮದುವೆ ದಿಬ್ಬಣದ ಮೆಟಡೋರಲ್ಲಿ ರಾಜಕುಮಾರ್ ಹಾಡು, ಬಾಡಿಗೆ ಅಂಬಾಸಿಡರಲ್ಲಿ ಬೆಳಿಗ್ಗೆ ದೇವರನಾಮ, ಮಧ್ಯಾಹ್ನದ ಮೇಲೆ ಹೀರೋ ಯಾರಿದ್ರೆ ಅವರದ್ದು.

ಈ ಕಾಲದ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಈಗಿನೋರಿಗೆ ಇದು ಗೊತ್ತಿಲ್ಲ. ಕಾರಿನ ಜೊತೆ ಸೆಟ್ಟು ಬರ್ತಿರ್ಲಿಲ್ಲ. ಡ್ಯಾಶ್‌ಬೋರ್ಡಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಇರೋದು, ಅದನ್ನ ಕಿತ್ತು ಜಾಗ ಮಾಡ್ಕೋಬೇಕು. ಬೆಂಗಳೂರಿಗೆ ಹೋಗಿದ್ದಾಗ ಜೆ.ಸಿ. ರೋಡಲ್ಲಿ ಚೌಕಾಶಿ ಮಾಡಿ ಸೆಟ್ಟು ತರೋದು, ಕಡೂರಲ್ಲೋ ತರೀಕೆರೇಲೋ ರೇಡಿಯೋ ರಿಪೇರಿ ಮಾಡೋರ ಹತ್ರ ಹಾಕ್ಸೋದು. ಅವರು ಸೀಟು ಎತ್ತಿ, ಮ್ಯಾಟಿನ ಕೆಳಗೆ ವೈರು ಎಳೆದು, ಹಿಂದಿನ ಗಾಜಿನ ಕೆಳಗಿನ ಹಲಗೆ ಕೊಯ್ದು ಎರಡು ಮೊಟ್ಟೆಯಾಕಾರದ ಸ್ಪೀಕರು ಕೂರಿಸೋರು. ಅಲ್ಲೇ ಯಾಕೆ? ಆ ಹಲಗೆ ಕೆಳಗೆ ಇಡೀ ಡಿಕ್ಕಿ ಖಾಲಿ, ಅದೇ ಸ್ಪೀಕರಿನ ಪೆಟ್ಟಿಗೆ ಆಗೋದು, ದಪ್ಪ ದನಿ ಧಾರಾಳ. ಹಾಡೋನು ಮಾತ್ರ ನಮ್ಮ ಬೆನ್ನ ಹಿಂದೆ ಕೂತು ಹಾಡಿದಂಗೆ.

ನಮ್ಮ ಚಿಕ್ಕಪ್ಪನ ಸೆಟ್ಟು ಎಳೆದ್ರೆ ಹಿಡಿ ಸಮೇತ ಈಚೆ ಬರ್ತಿತ್ತು. ಕಳ್ಳರ ಕಾಟಕ್ಕೆ ಆ ಏರ್ಪಾಡು. ಜಾತ್ರೆಗೆ ಹೋದ್ರೂ, ಮದುವೆಗೆ ಹೋದ್ರೂ ಚಿಕ್ಕಪ್ಪ ಸೆಟ್ಟನ್ನ ಟಿಫನ್ ಕ್ಯಾರಿಯರ್ ಹಿಡಿದಂಗೆ ಕೈಲಿ ಹಿಡ್ಕೊಂಡೇ ಬರ್ತಿದ್ರು. ರಾತ್ರಿ ಅದು ಬೀರುವಿನ ಮೇಲೆ. ಕಾರು ಮಾರುವಾಗ ಸೆಟ್ಟು ಕೊಡ್ತಿರ್ಲಿಲ್ಲ, ಹೊಸ ಕಾರಿಗೆ ಅದೇ ಸೆಟ್ಟು. ಫಿಯೆಟ್ಟಲ್ಲಿ ಹಾಡಿದ್ದು ಮಾರುತಿಯಲ್ಲೂ ಹಾಡಿತು. ಕಾರು ಬೇರೆ ಆಸ್ತಿ, ಸೆಟ್ಟು ಬೇರೆ ಆಸ್ತಿ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇಲ್ಲಿ ನಾವು ಹಲಗೆ ಕೊಯ್ತಾ ಇದ್ದ ಕಾಲದಲ್ಲೇ ಅಮೆರಿಕದಲ್ಲಿ ಒಬ್ಬರು ಲೆಕ್ಕಾನೇ ಬದಲಾಯಿಸಿದ್ರು. ಅಮರ್ ಬೋಸ್. ಅವರ ತಂದೆ ಬಂಗಾಳದೋರು, ಬ್ರಿಟಿಷರ ವಿರುದ್ಧ ಹೋರಾಡಿ ಅಮೆರಿಕಕ್ಕೆ ಹೋದೋರು. ಮಗ ಎಂಐಟಿಯಲ್ಲಿ ಮೇಷ್ಟ್ರು, 1964ರಲ್ಲಿ ಕಂಪನಿ ಕಟ್ಟಿದ್ರು. ಜನರಲ್ ಮೋಟಾರ್ಸ್ ಜೊತೆ ಸೇರಿ 1983ರ ಮಾಡೆಲ್ಲಿನ ಕ್ಯಾಡಿಲ್ಲಾಕ್ ಸೆವಿಲ್ ಥರದ ಕೆಲವು ಕಾರುಗಳಿಗೆ ಫ್ಯಾಕ್ಟರಿಯಲ್ಲೇ ಹಾಕೋ ಸಿಸ್ಟಮ್ ಕೊಟ್ರು. ನಾಕು ಪೆಟ್ಟಿಗೆ, ಒಂದೊಂದಕ್ಕೂ ಅದರದ್ದೇ ಆಂಪ್ಲಿಫೈಯರು. ಹೊಸತು ಅಂದ್ರೆ ಸ್ಪೀಕರಲ್ಲ, ಅದರ ಹಿಂದಿದ್ದ ವಿಚಾರ. ಯಾವ ಕಾರಿಗೆ ಹಾಕ್ತೀವೋ ಆ ಕಾರಿನೊಳಗೇ ಅಳತೆ ಮಾಡಿ ದನಿ ತಿದ್ದಬೇಕು ಅನ್ನೋದು.

ಇದು ಯಾಕೆ ದೊಡ್ಡ ಮಾತು ಅಂತ ಅಡುಗೆಮನೆ ಲೆಕ್ಕದಲ್ಲಿ ಹೇಳ್ತೀನಿ. ಮನೆ ಹಜಾರದಲ್ಲಿ ಎರಡು ಸ್ಪೀಕರಿನ ನಡುವೆ ಕೂತ್ಕೋಬಹುದು. ಕಾರಲ್ಲಿ ನಡುವೆ ಕೂರೋಕೆ ಆಗಲ್ಲ. ನಮ್ಮ ಡ್ರೈವರ್ ಸೀಟು ಬಲಗಡೆ. ಬಲಗಡೆ ಬಾಗಿಲಿನ ಸ್ಪೀಕರು ಮುಕ್ಕಾಲು ಮೀಟರು ದೂರ ಅಂದ್ಕೊಳ್ಳಿ, ಎಡಗಡೇದು ಒಂದೂಕಾಲು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತೆ, ಅಂದ್ರೆ ಆ ಅರ್ಧ ಮೀಟರಿಗೆ ಒಂದೂವರೆ ಮಿಲಿಸೆಕೆಂಡು ತಡ. ಇಷ್ಟು ಸಾಕು, ಕಿವಿ ಮೋಸ ಹೋಗುತ್ತೆ, ಇಡೀ ಹಾಡು ಬಲಗಡೆ ಬಾಗಿಲಿಂದಲೇ ಬರ್ತಾ ಐತೆ ಅನ್ಸುತ್ತೆ. ಇದರ ಮೇಲೆ ಗಾಜು ದನೀನ ವಾಪಸ್ ಎಸೆಯುತ್ತೆ, ಸೀಟಿನ ಬಟ್ಟೆ ನುಂಗುತ್ತೆ, ಕೆಲವು ದಪ್ಪ ಸ್ವರ ಕಾರಿನೊಳಗೇ ಸಿಕ್ಕಿಹಾಕ್ಕೊಂಡು ಊದುತ್ತೆ. ಈಗಿನ ಸಿಸ್ಟಮ್ಮುಗಳಲ್ಲಿ ಒಂದು ಚಿಪ್ಪು ಕೂತಿರುತ್ತೆ. ಹತ್ತಿರದ ಸ್ಪೀಕರನ್ನ ಒಂದು ಕ್ಷಣ ತಡೆದು ದೂರದ್ದರ ಜೊತೆ ಸೇರಿಸುತ್ತೆ, ಊದೋ ಸ್ವರಾನ ತಗ್ಗಿಸುತ್ತೆ, ನುಂಗಿದ ಸ್ವರಾನ ಎತ್ತುತ್ತೆ. ಹಾಡೋನು ಬಾಗಿಲು ಬಿಟ್ಟು ಮುಂದಿನ ಗಾಜಿನ ನಡುವೆ ಬಂದು ನಿಲ್ತಾನೆ. ಚಿಕ್ಕಪ್ಪನ ಸೆಟ್ಟು ಎಷ್ಟೇ ದುಬಾರಿ ಆಗಿದ್ರೂ ಈ ಕೆಲಸ ಮಾಡೋಕೆ ಆಗ್ತಿರ್ಲಿಲ್ಲ, ಯಾಕಂದ್ರೆ ಅದಕ್ಕೆ ತಾನು ಕೂತಿರೋ ಕಾರು ಯಾವುದು ಅಂತ್ಲೇ ಗೊತ್ತಿರ್ಲಿಲ್ಲ.

ಬೋಸ್ ಆದ ಮೇಲೆ ಎಲ್ರೂ ಬಂದ್ರು. ಲೆಕ್ಸಸ್‌ಗೆ ಮಾರ್ಕ್ ಲೆವಿನ್ಸನ್, ಆಡಿಗೆ ಬ್ಯಾಂಗ್ ಅಂಡ್ ಓಲುಫ್ಸೆನ್, ಮರ್ಸಿಡಿಸ್‌ಗೆ ಬರ್ಮೆಸ್ಟರ್. ಜಾಲರಿ ಮೇಲೆ ಹೆಸರು ಹತ್ತಾರು ಇದ್ರೂ ಹಿಂದಿನ ಮನೆಗಳು ಕಮ್ಮಿ. ಜೆಬಿಎಲ್, ಹರ್ಮನ್ ಕಾರ್ಡನ್, ಇನ್ಫಿನಿಟಿ, ಮಾರ್ಕ್ ಲೆವಿನ್ಸನ್ ಇವೆಲ್ಲ ಹರ್ಮನ್ ಅನ್ನೋ ಒಂದೇ ಕಂಪನಿಯ ಹೆಸರುಗಳು. ಬ್ಯಾಂಗ್ ಅಂಡ್ ಓಲುಫ್ಸೆನ್ನಿನ ಕಾರ್ ವಿಭಾಗಾನೂ 2015ರಲ್ಲಿ ಅದಕ್ಕೇ ಹೋಯ್ತು. ಆ ಹರ್ಮನ್ನನ್ನೇ 2017ರಲ್ಲಿ ಸ್ಯಾಮ್ಸಂಗ್ ಕೊಂಡುಕೊಂಡಿತು, 800 ಕೋಟಿ ಡಾಲರಿಗೆ. ಹಂಗಾಗಿ ಜೆಬಿಎಲ್ ಹೆಚ್ಚೋ ಹರ್ಮನ್ ಕಾರ್ಡನ್ ಹೆಚ್ಚೋ ಅಂತ ಜಗಳ ಆಡೋದು, ಒಂದೇ ಮನೆ ಅಣ್ಣತಮ್ಮಂದಿರಲ್ಲಿ ಯಾರು ಶ್ರೀಮಂತರು ಅಂತ ಕೇಳಿದಂಗೆ.

ನಮ್ಮ ದೇಶದ ಮಧ್ಯಮ ವರ್ಗದ ಕಾರಿಗೆ ಈ ಹೆಸರುಗಳು ಇಳಿದಿದ್ದು ಈಚೆಗೆ. 2014ರಲ್ಲಿ ಟಾಟಾ ಜೆಸ್ಟ್‌ಗೆ ಹರ್ಮನ್ ಬಂತು. 2019ರಲ್ಲಿ ಹ್ಯಾರಿಯರಿಗೆ ಜೆಬಿಎಲ್ಲಿನ ಒಂಬತ್ತು ಸ್ಪೀಕರು, ಅದೇ ವರ್ಷ ಕಿಯಾ ಸೆಲ್ಟೋಸ್‌ಗೆ ಬೋಸ್‌ನ ಎಂಟು. ಆ ಸೆಲ್ಟೋಸ್ ತಯಾರಾಗೋದು ನಮ್ಮ ಗಡಿ ಆಚೆ ಪೆನುಕೊಂಡದ ಹತ್ರ, ವಿಜಯನಗರದ ಅರಸರು ತಾಳಿಕೋಟೆ ಸೋತ ಮೇಲೆ ಹೋಗಿ ನೆಲೆಸಿದ್ದರಲ್ಲ, ಅಲ್ಲಿ. 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ 700ಕ್ಕೆ ಸೋನಿಯ ಹನ್ನೆರಡು. 2022ರಲ್ಲಿ ಬಿಡದಿಯಲ್ಲಿ ಮಾಡೋ ಇನ್ನೋವಾ ಹೈಕ್ರಾಸಿನ ಮೇಲಿನ ಮಾಡೆಲ್ಲಿಗೆ ಜೆಬಿಎಲ್ ಒಂಬತ್ತು. 2024ರ ಮಹೀಂದ್ರದ ಕರೆಂಟು ಕಾರುಗಳಲ್ಲಿ ಹರ್ಮನ್ ಕಾರ್ಡನ್ ಹದಿನಾರು.

ಎಂಟು, ಒಂಬತ್ತು, ಹನ್ನೆರಡು, ಹದಿನಾರು. ಈ ಲೆಕ್ಕ ಗುಣದ ಲೆಕ್ಕ ಅಲ್ಲ. ಸಣ್ಣ ದನಿಯ ಟ್ವೀಟರುಗಳನ್ನೂ ಸ್ಪೀಕರು ಅಂತ್ಲೇ ಎಣಿಸ್ತಾರೆ. ಸಬ್‌ವೂಫರು ಇದ್ಯೋ ಇಲ್ವೋ, ಬೇರೆ ಆಂಪ್ಲಿಫೈಯರು ಇದ್ಯೋ ಇಲ್ವೋ, ಬಾಗಿಲ ತಗಡು ನಡುಗುತ್ತೋ ಇಲ್ವೋ, ಇವು ಕೇಳಬೇಕಾದ ಪ್ರಶ್ನೆ. ವ್ಯಾಟ್ ಅಂತೂ ಇನ್ನೂ ಸುಳ್ಳು ಲೆಕ್ಕ, ಯಾವ ಗಳಿಗೇಲಿ ಅಳೆದ್ರು ಅನ್ನೋದ್ರ ಮೇಲೆ ಎಷ್ಟಾದ್ರೂ ಆಗುತ್ತೆ.

ನಾವು ನೆಂಟರಿಷ್ಟರ ಮೂರು ಕಾರು ಬೇಡ್ಕೊಂಡು ಒಂದೇ ರಸ್ತೇಲಿ ಕೇಳಿದ್ವಿ. ಕಡೂರಿಂದ ಬೀರೂರು ಮೇಲೆ ತರೀಕೆರೆ, ಅಲ್ಲಿಂದ ಅಜ್ಜಂಪುರ. ಷೋರೂಮಲ್ಲಿ ನಿಂತ ಕಾರಲ್ಲಿ ಕೇಳಿದ್ರೆ ಏನೂ ಗೊತ್ತಾಗಲ್ಲ ಕಣ್ರೀ. ಹೆದ್ದಾರೀಲಿ ಎಂಬತ್ತರ ಮೇಲೆ ಹೋದ ತಕ್ಷಣ ಟಯರಿನ ಹೊರಳು ದನಿ ಹಾಡಿನ ದಪ್ಪ ಸ್ವರಾನ ನುಂಗಿ ಬಿಡುತ್ತೆ. ನಿಂತಾಗ ಮೃದಂಗ ಜಾಸ್ತಿಯಾಯ್ತು ಅನ್ನಿಸಿದ ಕಾರಲ್ಲಿ ಓಡುವಾಗ ಸರಿಯಾಗಿ ಕೇಳ್ತು, ನಿಂತಾಗ ಸೊಗಸಾಗಿದ್ದ ಇನ್ನೊಂದು ಓಡುವಾಗ ಬರೀ ಕೊಳಲಾಯ್ತು. ಸ್ಪೀಕರು ಜಾಸ್ತಿ ಇದ್ದ ಕಾರಲ್ಲಿ ಸುತ್ತ ಹಾಡು ಹರಡಿದ್ದು ಮಗಳಿಗೆ ಇಷ್ಟ ಆಯ್ತು. ನನಗೆ ಗಾಯಕ ಎಲ್ಲಿದ್ದಾನೆ ಅಂತ ಹುಡುಕೋ ಹಂಗಾಯ್ತು. ಎಂಟರದ್ದೇ ನನ್ನ ಕಿವಿಗೆ ಹೆಚ್ಚು ಸತ್ಯ ಅನ್ನಿಸ್ತು.

ಅಪ್ಪನದು ಬೇರೆ ಪರೀಕ್ಷೆ. ಎಂಬತ್ತು ದಾಟಿದ ಕಿವಿ, ಮೊದಲು ಹೋಗೋದು ಸಣ್ಣ ದನಿ. ಸ, ತ, ಕ ಥರದ ಅಕ್ಷರಗಳ ಅಂಚು ಇರೋದೇ ಅಲ್ಲಿ. ಅದರ ಮೇಲೆ ದಪ್ಪ ದನಿ ಬಿದ್ರೆ ಮಾತು ಪೂರ್ತಿ ಮುಳುಗುತ್ತೆ. ತಿಂಗಳಿಗೊಮ್ಮೆ ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಅವರಿಗಿರೋ ಒಂದೇ ಸಂತೋಷ ರೇಡಿಯೋ. ಮೂರೂ ಕಾರಲ್ಲೂ ಮೊದಲು "ಗುಡುಗುಡು ಅಂತೈತೆ, ಏನು ಹೇಳ್ತಾವ್ರೆ ತಿಳಿಯಲ್ಲ" ಅಂದ್ರು. ಬಾಸ್ ಪೂರ್ತಿ ಇಳಿಸಿ, ಸುತ್ತು ದನಿ ಆರಿಸಿ, ಹಿಂದಿನ ಸ್ಪೀಕರು ಮುಚ್ಚಿ ಎಲ್ಲಾ ಮುಂದಕ್ಕೆ ತಂದ ಮೇಲೆ ತಿಳೀತು. ಲಕ್ಷ ಕೊಟ್ಟು ಹಾಕಿಸಿದ್ದನ್ನ ಒಂದೊಂದಾಗಿ ಆರಿಸಿದ್ರೆ ಹಳೇ ಅಂಬಾಸಿಡರಿನ ಒಂಟಿ ಸ್ಪೀಕರಿನ ಹತ್ತಿರ ಬಂದಂಗೆ ಆಯ್ತು.

ಇನ್ನು ಸೆಟ್ಟು ಬೇರೆ ಆಸ್ತಿ ಅಂದಿದ್ನಲ್ಲ, ಆ ಮಾತು. ಈಗ ಅದು ಆಸ್ತಿ ಅಲ್ಲ, ಕಾರಿನ ಅಂಗ. ಸ್ಕ್ರೀನಲ್ಲೇ ಹಾಡು, ಅದರಲ್ಲೇ ಹಿಂದಿನ ಕ್ಯಾಮೆರಾ, ಕೆಲವು ಕಾರಲ್ಲಿ ಏಸಿನೂ ಅದರಲ್ಲೇ. ನಮ್ಮ ಭಾವನೋರ ಕಾರಿನ ಸ್ಕ್ರೀನು ವಾರಂಟಿ ಮುಗಿದ ಮೇಲೆ ಕಪ್ಪಾಯ್ತು. ರಿಪೇರಿ ಇಲ್ಲ, ಇಡೀ ತುಂಡೇ ಬದಲಾಯಿಸಬೇಕು ಅಂದ್ರಂತೆ. ಆ ಬಿಲ್ಲಲ್ಲಿ ಚಿಕ್ಕಪ್ಪ ನಾಕು ಸೆಟ್ಟು ತಗೊಳ್ತಿದ್ರು. ಕಡೂರಲ್ಲಿ ಸೆಟ್ಟು ಹಾಕ್ತಿದ್ದ ಅಂಗಡಿಯೋರು ಈಗ ಸೀಟ್ ಕವರು, ಮ್ಯಾಟು, ಫಿಲಮ್ಮು ಮಾರ್ತಾರೆ. ಅವರಿಗೆ ಕೈಚಳಕ ಹೋಗಿಲ್ಲ, ಕೈ ಹಾಕೋಕೆ ಜಾಗ ಹೋಗೈತೆ.

ಪೂರ್ತಿ ಹೋಗಿಲ್ಲ ಅನ್ನಿ. ನಾವು ಕೊನೆಗೆ ತಗೊಂಡಿದ್ದು ನಡುವಿನ ಮಾಡೆಲ್ಲು, ಹೆಸರಿಲ್ಲದ ಸ್ಪೀಕರಿನದು. ಅದೇ ಅಂಗಡಿಯೋರು ಬಾಗಿಲ ರಟ್ಟು ಬಿಚ್ಚಿ, ಒಳಗಿನ ತಗಡಿಗೆ ಡಾಂಬರಿನಂಥ ದಪ್ಪ ಹಾಳೆ ಅಂಟಿಸಿ, ಮುಂದಿನ ಎರಡು ಬಾಗಿಲಿಗೆ ಮಾತ್ರ ಒಳ್ಳೇ ಸ್ಪೀಕರೂ ಟ್ವೀಟರೂ ಕೂರಿಸಿದ್ರು. ಕಂಪನಿ ವೈರು ಒಂದೂ ಕತ್ತರಿಸಲಿಲ್ಲ, ಕಪ್ಲರಿನ ಮೇಲೆ ಕಪ್ಲರು. ಒಂದು ಮಧ್ಯಾಹ್ನದ ಕೆಲಸ. ಬೋಸಿನ ಮಟ್ಟಕ್ಕೆ ಬಂತಾ ಅಂದ್ರೆ ಬರ್ಲಿಲ್ಲ, ಹಾಡೋನು ಇನ್ನೂ ಸ್ವಲ್ಪ ಬಲಕ್ಕೇ ನಿಂತಿರ್ತಾನೆ. ಮಗಳು ಅದನ್ನ ಬಂದಾಗೆಲ್ಲ ಹೇಳ್ತಾಳೆ, ಹೇಳೋದ್ರಲ್ಲಿ ನ್ಯಾಯಾನೂ ಐತೆ. ಅಪ್ಪ ಎಡಗಡೆ ಮುಂದಿನ ಸೀಟಲ್ಲಿ ಕೂತ್ಕೊಳ್ತಾರೆ. ತರೀಕೆರೆ ಹತ್ರ ಬರ್ತಿದ್ದಂಗೆ ಭದ್ರಾವತಿಯ ಎಫ್‌ಎಂ, 103.5, ಚೊಕ್ಕವಾಗಿ ಹಿಡಿಯುತ್ತೆ. ಕೆಮ್ಮಣ್ಣುಗುಂಡಿ ಕಡೆ ತಿರುಗಿ ಘಾಟಿ ಹತ್ತಿದ್ರೆ ಮಾತ್ರ ಬೆಟ್ಟದ ಮರೇಲಿ ಕರಕರ ಅಂದು ಹೋಗುತ್ತೆ. ಆಗ ಅಪ್ಪ ಗುಂಡಿ ತಿರುವೋಕೆ ಅಂತ ಕೈ ಚಾಚ್ತಾರೆ, ಅಲ್ಲಿ ಗುಂಡಿ ಇಲ್ಲ, ನುಣ್ಣಗಿನ ಗಾಜು.